ಕಾಲುವೆಯ ಕೊನೆಯ ಹೊಲದಿಂದ ನೋಡಿ: ಹೊಸ ರಾಷ್ಟ್ರಕ್ಕೆ ಸಂವಿಧಾನ ರೂಪಿಸುವ ಕ್ರಮ

ಘಟಪ್ರಭಾ ಕಾಲುವೆಯ ಊರುಗಳಲ್ಲಿ ಬೆಳೆದವರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಹಂಚುವ ನಿಯಮ ಸರಿಯಾಗಿದೆಯೇ ಎಂಬುದು ಕಾಲುವೆಯ ಬಾಯಿಗೆ ಹತ್ತಿರವಿರುವ ಹೊಲದಲ್ಲಿ ನಿಂತವನಿಗೆ ತಿಳಿಯುವುದಿಲ್ಲ. ನಿಯಮವಿದ್ದರೂ ಇಲ್ಲದಿದ್ದರೂ ಅವನ ಹೊಲಕ್ಕೆ ನೀರು ಬಂದೇ ಬರುತ್ತದೆ. ಕೊನೆಯಂಚಿನ ಹೊಲಕ್ಕೆ ಸರದಿಯ ದಿನ ನೀರು ಮುಟ್ಟಿದರೆ ಮಾತ್ರ ಆ ನಿಯಮಕ್ಕೆ ಬೆಲೆಯಿದೆ ಎಂದು ಅರ್ಥ. ಸಂವಿಧಾನವನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಅಳತೆಗೋಲನ್ನು ನಾನು ಕಂಡಿಲ್ಲ. ಚುನಾವಣೆಯಲ್ಲಿ ಸೋತವರು, ಬೇರೆ ಭಾಷೆಯನ್ನಾಡುವವರು, ರಾಜಧಾನಿಯಿಂದ ನೂರಾರು ಕಿಲೋಮೀಟರ್ ದೂರದಲ್ಲಿರುವವರು, ಜಮೀನಿಲ್ಲದವರು ಇವರೆಲ್ಲ ಸಂವಿಧಾನದ ಕೊನೆಯಂಚಿನ ರೈತರು. ಒಂದೊಂದು ವಿಧಿಯನ್ನೂ ಅವರ ಹೊಲದಲ್ಲಿ ನಿಂತು ಓದಬೇಕು.

ವಿಜಯಪುರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ರಾಜ್ಯಶಾಸ್ತ್ರ ಕಲಿಸುವಾಗ ನವೆಂಬರ್ 26ರ ಸಂವಿಧಾನ ದಿನದಂದು ಭಾಷಣಗಳಿಗೆ ಬದಲಾಗಿ ಅಣಕು ಸಂವಿಧಾನ ರಚನಾ ಸಭೆಯನ್ನು ನಡೆಸುವುದನ್ನು ರೂಢಿ ಮಾಡಿಕೊಂಡಿದ್ದೆ. ಈ ಲೇಖನ ಆ ಅಭ್ಯಾಸದಿಂದ ಹುಟ್ಟಿದ್ದು. ಕಾಲೇಜಿನಲ್ಲೋ ಗ್ರಂಥಾಲಯದಲ್ಲೋ ಇಂಥದೊಂದು ಸಭೆಯನ್ನು ನಡೆಸಬಯಸುವ ಅಧ್ಯಾಪಕರಿಗೆ, ಸ್ಪರ್ಧಾತ್ಮಕ ಪರೀಕ್ಷೆಗಾಗಿ ವಿಧಿಗಳನ್ನು ಬಾಯಿಪಾಠ ಮಾಡುತ್ತಾ ಅವು ಹಾಗೇಕೆ ಇವೆ ಎಂದು ಕೇಳಿಕೊಳ್ಳಲು ಬಿಡುವಿಲ್ಲದ ಅಭ್ಯರ್ಥಿಗಳಿಗೆ ಇದು ಉಪಯೋಗಕ್ಕೆ ಬಂದೀತು.

ಸಿದ್ಧತೆ ಸರಳವಾಗಿದೆ. ಇಪ್ಪತ್ತರಿಂದ ನಲವತ್ತು ಜನ ಸೇರಿರಿ. ನಿನ್ನೆಯವರೆಗೆ ಪರರ ಆಳ್ವಿಕೆಯಲ್ಲಿದ್ದ ಒಂದು ಕಲ್ಪಿತ ದೇಶವನ್ನು ಗೋಡೆಯ ಮೇಲೆ ನಕ್ಷೆಯಾಗಿ ಬರೆಯಿರಿ: ಮೂರು ಭಾಷೆ, ಒಂದು ದೊಡ್ಡ ನದಿ, ಒಂದು ಬಂದರು, ಒಂದು ಗಣಿ ಪ್ರದೇಶ, ಒಂದೆರಡು ಹಳೆಯ ಸಂಸ್ಥಾನಗಳು. ಬಳಿಕ ಪ್ರತಿಯೊಬ್ಬರೂ ಒಂದೊಂದು ಚೀಟಿ ಎತ್ತಲಿ. ಒಂದರಲ್ಲಿ ಬಹುಸಂಖ್ಯಾತ ಭಾಷೆಯ ವಕೀಲ, ಇನ್ನೊಂದರಲ್ಲಿ ಅಲ್ಪಸಂಖ್ಯಾತ ಭಾಷೆಯ ಶಾಲಾ ಶಿಕ್ಷಕಿ, ಮತ್ತೊಂದರಲ್ಲಿ ನದಿಯ ಕೆಳಭಾಗದ ರೈತ, ಗಣಿಯ ಕೂಲಿ, ಪದಚ್ಯುತ ರಾಜನ ಮಗ, ವಿಮೋಚನಾ ಸೇನೆಯ ದಂಡನಾಯಕ, ಭೂರಹಿತ ಹೆಣ್ಣುಮಗಳು ಹೀಗೆ ಬರೆದಿರಲಿ. ಸಭೆ ಮುಗಿಯುವವರೆಗೆ ಎಲ್ಲರೂ ತಮ್ಮ ಚೀಟಿಯವರಾಗಿಯೇ ಮಾತನಾಡಬೇಕು.

ಮೊದಲ ಹೆಜ್ಜೆ: ಮರುದಿನ ಬೆಳಿಗ್ಗೆಗೆ ವ್ಯವಸ್ಥೆ ಮಾಡಿ

ವಿದ್ಯಾರ್ಥಿಗಳು ಸಾಮಾನ್ಯವಾಗಿ ಪೀಠಿಕೆಯಿಂದ ಆರಂಭಿಸುತ್ತಾರೆ. ಅದನ್ನು ತಡೆಯಿರಿ. ಬಾವುಟ ಏರಿದ ಮರುದಿನ ಬೆಳಿಗ್ಗೆ ಪೊಲೀಸರು ಯಾವ ಕಾನೂನಿನ ಪ್ರಕಾರ ಕಳ್ಳನನ್ನು ಹಿಡಿಯಬೇಕು, ಅರ್ಧಕ್ಕೆ ನಿಂತಿರುವ ಮೊಕದ್ದಮೆಯನ್ನು ಯಾವ ನ್ಯಾಯಾಲಯ ಮುಂದುವರಿಸಬೇಕು, ತಲಾಟಿಗೆ ಯಾರು ಸಂಬಳ ಕೊಡಬೇಕು, ಕೈಯಲ್ಲಿರುವ ನೋಟು ನಡೆಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು.

ಈ ಪ್ರಶ್ನೆಗಳು ನಮ್ಮ ಭಾಗದ ಹಿರಿಯರಿಗೆ ಪುಸ್ತಕದವಾಗಿರಲಿಲ್ಲ. ಇಂದಿನ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳೆಯ ನಕ್ಷೆಯನ್ನು ನೋಡಿದರೆ ಮುಂಬೈ ಪ್ರಾಂತದ ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನಗಳು ತೇಪೆಗಳಂತೆ ಹರಡಿದ್ದವು. ಬೆಳಗಾವಿ ಪೇಟೆಗೆ ಅಂಟಿಕೊಂಡೇ ಇದ್ದ ಶಹಾಪುರವು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. 1948ರ ಮಾರ್ಚ್ 8ರಂದು ಈ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನಗೊಂಡವು. ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಯಾಗಿದ್ದ ಸಾವಳಗಿಯ ಬಿ.ಡಿ. ಜತ್ತಿಯವರು ಮತ್ತೆ ವಕೀಲಿ ವೃತ್ತಿಗೆ ಮರಳಿದರು. ಮುಂದೆ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯೂ ದೇಶದ ಉಪರಾಷ್ಟ್ರಪತಿಯೂ ಆದದ್ದು ಬೇರೆ ಮಾತು. ಆದರೆ ಆ ದಿನ ಜಮಖಂಡಿಯ ಕಚೇರಿಯಲ್ಲಿದ್ದ ಗುಮಾಸ್ತನಿಗೆ, ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಿದ್ದ ರೈತನಿಗೆ ರಾಜ್ಯ ಬದಲಾದರೂ ಕಾಗದಪತ್ರಗಳ ಬೆಲೆ ಉಳಿಯಬೇಕಾಗಿತ್ತು.

ದೇಶದ ಮಟ್ಟದಲ್ಲಿ ಭಾರತ ಇದಕ್ಕೆ ಕಂಡುಕೊಂಡ ದಾರಿ ಬಹಳ ವಿವೇಕದ್ದು. 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ದೇಶ ನಡೆದದ್ದು ಬ್ರಿಟಿಷರೇ ಮಾಡಿದ್ದ 1935ರ ಭಾರತ ಸರ್ಕಾರ ಕಾಯ್ದೆಯನ್ನು ತಿದ್ದಿಕೊಂಡು. ಸಂವಿಧಾನ ಬಂದ ಬಳಿಕವೂ 372ನೇ ವಿಧಿಯು ಹಳೆಯ ಕಾನೂನುಗಳನ್ನು, ಸಕ್ಷಮ ಶಾಸಕಾಂಗ ಬದಲಾಯಿಸುವವರೆಗೆ, ಜಾರಿಯಲ್ಲಿಟ್ಟಿತು. ಪೂರ್ವ ತೈಮೂರಿನಲ್ಲಿ ವಿಶ್ವಸಂಸ್ಥೆಯ ಆಡಳಿತವೂ 1999ರಲ್ಲಿ ಇದೇ ದಾರಿಯನ್ನು ಹಿಡಿದು, ಮಾನವ ಹಕ್ಕುಗಳಿಗೆ ವಿರುದ್ಧವಾದ ಕಾನೂನುಗಳನ್ನು ಬಿಟ್ಟು ಉಳಿದುದನ್ನು ಮುಂದುವರಿಸಿತು. ಪರರ ಕಾನೂನನ್ನು ಒಂದೇ ದಿನದಲ್ಲಿ ಸುಟ್ಟುಹಾಕಬೇಕೆಂಬ ಆವೇಶ ಸಹಜವಾದದ್ದೇ; ಆದರೆ ಕಾನೂನೇ ಇಲ್ಲದ ದಿನ ಬಲವಿದ್ದವನ ಮಾತೇ ಕಾನೂನಾಗುತ್ತದೆ, ಕೊನೆಯಂಚಿನವನು ಮೊದಲು ಸೋಲುತ್ತಾನೆ. ಆದ್ದರಿಂದ ನಿಮ್ಮ ಸಭೆ ಮೊದಲು ಒಂದು ಪುಟದ ಮಧ್ಯಂತರ ಕಾಯ್ದೆಯನ್ನು ಬರೆಯಲಿ. ಅದರಲ್ಲಿ ಹಳೆಯ ಕಾನೂನುಗಳ ಮುಂದುವರಿಕೆ, ನೌಕರರ ಸೇವಾಭದ್ರತೆ, ಖಜಾನೆಯ ಹೊಣೆ, ಸೇನೆ ಯಾರ ಆಜ್ಞೆಯಲ್ಲಿರಬೇಕೆಂಬುದು, ಮತ್ತು ಈ ಮಧ್ಯಂತರ ಕಾಲ ಮುಗಿಯುವ ದಿನಾಂಕ ಇರಬೇಕು. ದಿನಾಂಕವನ್ನು ಬರೆಯದೆ ಬಿಡಬೇಡಿ. 2011ರ ಜುಲೈ 9ರಂದು ಸ್ವತಂತ್ರವಾದ ದಕ್ಷಿಣ ಸುಡಾನ್ ಮಧ್ಯಂತರ ಸಂವಿಧಾನದೊಂದಿಗೆ ಆರಂಭಿಸಿತು. 2013ರ ಡಿಸೆಂಬರ್‌ನಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು, ಶಾಶ್ವತ ಸಂವಿಧಾನ ಮತ್ತೆ ಮತ್ತೆ ಮುಂದಕ್ಕೆ ಹೋಯಿತು.

ಎರಡನೆಯ ಹೆಜ್ಜೆ: ಬರೆಯುವವರು ಯಾರು?

ಭಾರತದ ಸಂವಿಧಾನ ರಚನಾ ಸಭೆಯ ಸದಸ್ಯರನ್ನು ಜನ ನೇರವಾಗಿ ಆರಿಸಲಿಲ್ಲ. ಪ್ರಾಂತಗಳ ಸದಸ್ಯರನ್ನು 1946ರಲ್ಲಿ ಪ್ರಾಂತೀಯ ಶಾಸನ ಸಭೆಗಳು ಆರಿಸಿದವು. ಆ ಶಾಸನ ಸಭೆಗಳನ್ನು ಆರಿಸಿದ್ದು ಸೀಮಿತ ಮತದಾರ ವರ್ಗ. 389 ಸ್ಥಾನಗಳ ಸಭೆ ದೇಶವಿಭಜನೆಯ ನಂತರ 299ಕ್ಕೆ ಇಳಿಯಿತು; ಮಹಿಳೆಯರು 15 ಮಂದಿ. ಇದು ದೊಡ್ಡ ಕೊರತೆಯೆಂಬುದನ್ನು ಒಪ್ಪಿಕೊಳ್ಳಬೇಕು. ಆ ಕೊರತೆಯನ್ನು ಸಭೆಯು ತನ್ನ ಕೆಲಸದ ಕ್ರಮದಿಂದ ಬಹುಮಟ್ಟಿಗೆ ತುಂಬಿಕೊಂಡಿತು ಎಂಬುದು ನನ್ನ ಅಭಿಪ್ರಾಯ. 1948ರ ಫೆಬ್ರವರಿಯಲ್ಲಿ 315 ವಿಧಿಗಳ ಕರಡನ್ನು ಪ್ರಕಟಿಸಿ ತಿಂಗಳುಗಟ್ಟಲೆ ಸಾರ್ವಜನಿಕರ ಮುಂದಿಡಲಾಯಿತು. ಸೂಚಿಸಲಾದ 7,635 ತಿದ್ದುಪಡಿಗಳಲ್ಲಿ 2,473 ಸಭೆಯಲ್ಲಿ ಮಂಡನೆಯಾಗಿ ಚರ್ಚೆಗೊಂಡವು. ಕಾಂಗ್ರೆಸ್ಸಿನ ಕಟುವಿಮರ್ಶಕರಾಗಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರೇ ಕರಡು ಸಮಿತಿಯ ಅಧ್ಯಕ್ಷರಾದರು. ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದವರು ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ (ಬಿ.ಎನ್.) ರಾವ್. ಬರ್ಮಾ ದೇಶದ 1947ರ ಸಂವಿಧಾನಕ್ಕೂ ಅವರ ನೆರವು ದೊರೆತಿತ್ತು. ಕರಡು ಸಮಿತಿಗೆ ಬಳಿಕ ಸೇರಿದ ಎನ್. ಮಾಧವ ರಾವ್ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು.

ಸಾಧ್ಯವಿದ್ದರೆ ನೇರ ಚುನಾವಣೆಯೇ ಒಳ್ಳೆಯದು. ನಮೀಬಿಯಾದಲ್ಲಿ 1989ರ ನವೆಂಬರ್‌ನಲ್ಲಿ ಜನರಿಂದ ಆಯ್ಕೆಯಾದ 72 ಸದಸ್ಯರ ಸಭೆ ಮರುವರ್ಷದ ಫೆಬ್ರವರಿಯಲ್ಲಿ ಸಂವಿಧಾನವನ್ನು ಅಂಗೀಕರಿಸಿ, ಮಾರ್ಚ್ 21ರಂದು ದೇಶ ಸ್ವತಂತ್ರವಾಯಿತು. ಅಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಿಮೋಚನಾ ಹೋರಾಟ ನಡೆಸಿದ ಸ್ವಾಪೋ ಪಕ್ಷಕ್ಕೆ 41 ಸ್ಥಾನಗಳು ಬಂದವು, ಅಂದರೆ ಸ್ಪಷ್ಟ ಬಹುಮತ. ಆದರೆ ಸಂವಿಧಾನಕ್ಕೆ ಮೂರನೇ ಎರಡರಷ್ಟು, ಅಂದರೆ 48 ಮತಗಳು ಬೇಕಿದ್ದವು. ಆ ಏಳು ಮತಗಳಿಗಾಗಿ ಗೆದ್ದವರು ಸೋತವರೊಡನೆ ಕುಳಿತು ಮಾತನಾಡಲೇಬೇಕಾಯಿತು. ನಿಮ್ಮ ಸಭೆಯಲ್ಲಿಯೂ ಮೂರನೇ ಎರಡರ ನಿಯಮವನ್ನೇ ಇಟ್ಟುಕೊಳ್ಳಿ. ಕೊನೆಯಂಚಿನ ಚೀಟಿ ಎತ್ತಿದವರ ಬಳಿಗೆ ಉಳಿದವರು ತಾವಾಗಿಯೇ ನಡೆದು ಹೋಗುವುದನ್ನು ಕಾಣುತ್ತೀರಿ.

ಎರಡು ಎಚ್ಚರಿಕೆಗಳು. ಸಭೆಯನ್ನು ವಿಸರ್ಜಿಸುವ ಅಧಿಕಾರ ಹೊರಗಿನ ಒಬ್ಬ ವ್ಯಕ್ತಿಯ ಕೈಯಲ್ಲಿರಬಾರದು: ಪಾಕಿಸ್ತಾನದ ಮೊದಲ ಸಂವಿಧಾನ ರಚನಾ ಸಭೆಯನ್ನು 1954ರಲ್ಲಿ ಗವರ್ನರ್ ಜನರಲ್ ವಿಸರ್ಜಿಸಿದರು, ಸಂವಿಧಾನ ಬಂದದ್ದು 1956ರಲ್ಲಿ, 1958ರಲ್ಲಿ ಸೇನಾಡಳಿತ ಅದನ್ನು ರದ್ದುಮಾಡಿತು. ಗಡುವು ತೀರ ಸಡಿಲವಾಗಿಯೂ ಇರಬಾರದು: ಹೊಸದಾಗಿ ಸ್ವತಂತ್ರವಾದ ದೇಶವಲ್ಲದಿದ್ದರೂ ನೇಪಾಳದ ನಿದರ್ಶನ ಇಲ್ಲಿ ಹೊಂದುತ್ತದೆ. 2008ರಲ್ಲಿ ಆಯ್ಕೆಯಾದ ಸಭೆ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿಕೊಂಡು 2012ರಲ್ಲಿ ಬರಿಗೈಯಲ್ಲಿ ಕೊನೆಗೊಂಡಿತು. ಸಂವಿಧಾನ 2015ರಲ್ಲಿ ಎರಡನೆಯ ಸಭೆಯಿಂದ ಬಂತು.

ಮೂರನೆಯ ಹೆಜ್ಜೆ: ಮಾತು ಕೊಟ್ಟು ಕುಳಿತುಕೊಳ್ಳಿ

ವಿವರಗಳಿಗೆ ಇಳಿಯುವ ಮೊದಲು ಯಾವುದನ್ನು ಮುರಿಯುವುದಿಲ್ಲ ಎಂದು ಸಭೆ ಒಪ್ಪಿಕೊಳ್ಳಬೇಕು. 1946ರ ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಮಂಡಿಸಿ ಮರುವರ್ಷದ ಜನವರಿ 22ರಂದು ಅಂಗೀಕಾರವಾದ ಧ್ಯೇಯಗಳ ನಿರ್ಣಯ ಇಂಥ ಒಪ್ಪಂದವಾಗಿತ್ತು. ದಕ್ಷಿಣ ಆಫ್ರಿಕಾ ಇನ್ನೂ ಮುಂದೆ ಹೋಗಿ 34 ತತ್ತ್ವಗಳನ್ನು ಮೊದಲೇ ಬರೆದಿಟ್ಟಿತು. 1996ರಲ್ಲಿ ಸಭೆ ಅಂಗೀಕರಿಸಿದ ಪಠ್ಯ ಈ ತತ್ತ್ವಗಳಿಗೆ ಪೂರ್ತಿ ಹೊಂದುವುದಿಲ್ಲವೆಂದು ಸಂವಿಧಾನ ನ್ಯಾಯಾಲಯ ಹಿಂದಕ್ಕೆ ಕಳಿಸಿತು, ತಿದ್ದಿದ ಮೇಲಷ್ಟೇ ಒಪ್ಪಿತು. ನಿಮ್ಮ ಸಭೆಗೆ ಆರೇಳು ವಾಕ್ಯಗಳು ಸಾಕು.

ನಾಲ್ಕನೆಯ ಹೆಜ್ಜೆ: ಸರ್ಕಾರದ ರೂಪ

ಇಲ್ಲಿ ಸಾವಕಾಶವಾಗಿ ಕೆಲಸ ಮಾಡಬೇಕು. ಮುಖ್ಯ ಪ್ರಶ್ನೆ ಎರಡು: ಆಳುವವರನ್ನು ಹೇಗೆ ಕೂರಿಸುವುದು, ಹೇಗೆ ಇಳಿಸುವುದು. ಎರಡನೆಯದರ ಬಗ್ಗೆ ಹೊಸ ದೇಶಗಳು ಸಾಕಷ್ಟು ಯೋಚಿಸುವುದಿಲ್ಲ, ಏಕೆಂದರೆ ಕುರ್ಚಿಯಲ್ಲಿ ಕೂರಲಿರುವವರು ಆಗತಾನೆ ಸೆರೆಮನೆಯಿಂದ ಬಂದ ನಾಯಕರಾಗಿರುತ್ತಾರೆ. ಅವರನ್ನು ಇಳಿಸುವ ಮಾತನ್ನು ಆಡುವುದೇ ಅಪಚಾರವೆನ್ನಿಸುತ್ತದೆ. 1957ರಲ್ಲಿ ಸ್ವತಂತ್ರವಾದ ಘಾನಾ 1960ರಲ್ಲಿ ಪ್ರಬಲ ಅಧ್ಯಕ್ಷ ಪದವಿಯ ಗಣರಾಜ್ಯವಾಯಿತು, 1964ರಲ್ಲಿ ಏಕಪಕ್ಷ ರಾಜ್ಯವಾಯಿತು, 1966ರಲ್ಲಿ ಸೇನಾದಂಗೆಯಿಂದ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅಧಿಕಾರ ಕಳೆದುಕೊಂಡರು. ಕಾನೂನಿನ ಬಾಗಿಲು ಮುಚ್ಚಿದಾಗ ಬಂದೂಕಿನ ಬಾಗಿಲು ತೆರೆದುಕೊಂಡಿತು. ಪ್ರತಿಯೊಂದು ಅಧಿಕಾರವನ್ನೂ ನಿಮ್ಮ ಪ್ರೀತಿಯ ನಾಯಕನಿಗಾಗಿ ಬರೆಯದೆ, ಆತನ ನಂತರ ಬರಬಹುದಾದ, ನಿಮಗೆ ಹಿಡಿಸದ ಮನುಷ್ಯನ ಕೈಗೆ ಕೊಡುತ್ತಿದ್ದೇವೆಂದು ತಿಳಿದು ಬರೆಯಿರಿ.

ಸಂಸದೀಯ ಪದ್ಧತಿಯಲ್ಲಿ ಶಾಸನ ಸಭೆಯ ವಿಶ್ವಾಸ ಇರುವವರೆಗೆ ಮಾತ್ರ ಮಂತ್ರಿಮಂಡಲ ಇರುತ್ತದೆ. ಅಧ್ಯಕ್ಷೀಯ ಪದ್ಧತಿಯಲ್ಲಿ ನಿಗದಿತ ಅವಧಿಯವರೆಗೆ ಅಧ್ಯಕ್ಷರು ಸಾಮಾನ್ಯವಾಗಿ ಅಲುಗುವುದಿಲ್ಲ. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತಾ ಅಂಬೇಡ್ಕರ್ ಅವರು ಈ ವ್ಯತ್ಯಾಸವನ್ನು ಸ್ಥಿರತೆ ಮತ್ತು ಹೊಣೆಗಾರಿಕೆ ಎಂಬ ಎರಡು ಗುಣಗಳ ನಡುವಿನ ಆಯ್ಕೆಯಾಗಿ ವಿವರಿಸಿದರು: ಎರಡನ್ನೂ ಸಮನಾಗಿ ಕೊಡುವ ಪದ್ಧತಿ ಇನ್ನೂ ಸಿಕ್ಕಿಲ್ಲವೆಂದೂ ಕರಡು ಹೊಣೆಗಾರಿಕೆಗೆ ಹೆಚ್ಚು ಬೆಲೆ ಕೊಟ್ಟಿದೆಯೆಂದೂ ಹೇಳಿದರು. ಪ್ರಶ್ನೋತ್ತರ, ಅವಿಶ್ವಾಸ ನಿರ್ಣಯ, ಚರ್ಚೆ ಇವುಗಳ ಮೂಲಕ ಸರ್ಕಾರದ ಪರೀಕ್ಷೆ ದಿನದಿನವೂ ನಡೆಯುತ್ತದೆಂಬುದು ಅವರ ವಾದ. ಸೋತ ಪಕ್ಷಕ್ಕೂ ಸದನದಲ್ಲಿ ಕುರ್ಚಿ, ಮೈಕು, ಪ್ರಶ್ನೆ ಕೇಳುವ ಹಕ್ಕು ಉಳಿಯುತ್ತದೆ. ಕೊನೆಯಂಚಿನ ದೃಷ್ಟಿಯಿಂದ ನಾನು ಸಂಸದೀಯ ಪದ್ಧತಿಯ ಕಡೆಗೇ ವಾಲುತ್ತೇನೆ. ಆದರೆ ಸಣ್ಣಸಣ್ಣ ಪಕ್ಷಗಳೇ ತುಂಬಿರುವ ದೇಶದಲ್ಲಿ ಆರು ತಿಂಗಳಿಗೊಮ್ಮೆ ಸರ್ಕಾರ ಬಿದ್ದರೆ ಅದರ ನಷ್ಟವೂ ಬಡವನಿಗೇ ಎಂಬ ಪ್ರತಿವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಮತದಾನದ ಪದ್ಧತಿಯನ್ನು ಇದರ ಜೊತೆಗೇ ತೀರ್ಮಾನಿಸಿ. ಗ್ರಾಮ ಪಂಚಾಯಿತಿಯ ಒಂದು ವಾರ್ಡಿನಲ್ಲಿ ನಾಲ್ವರು ನಿಂತು, ನೂರರಲ್ಲಿ ಮೂವತ್ತೈದು ಮತ ಪಡೆದವನು ಗೆದ್ದನೆನ್ನಿ. ಉಳಿದ ಅರವತ್ತೈದು ಮತಗಳ ಧ್ವನಿ ಎಲ್ಲಿ ಹೋಯಿತು? ಇದೇ ಲೆಕ್ಕ ದೇಶದ ಮಟ್ಟದಲ್ಲಿ ನಡೆದರೆ, ಎಲ್ಲೆಡೆ ಚದುರಿರುವ ಅಲ್ಪಸಂಖ್ಯಾತರಿಗೆ ಒಂದೂ ಸ್ಥಾನ ಸಿಗದಿರಬಹುದು. ಮತಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿ ಇದನ್ನು ಸರಿಪಡಿಸುತ್ತದೆ, ಆದರೆ ನನ್ನ ಊರಿನ ಪ್ರತಿನಿಧಿ ಇಂಥವರೇ ಎಂದು ಬೆರಳು ತೋರಿಸಿ ಕೇಳುವ ಅವಕಾಶ ಕಡಿಮೆಯಾಗುತ್ತದೆ. ನೈಜೀರಿಯಾ ತನ್ನ ಅಧ್ಯಕ್ಷರ ಚುನಾವಣೆಗೆ ಮತ್ತೊಂದು ಉಪಾಯ ಹೂಡಿತು: ಅತಿ ಹೆಚ್ಚು ಮತ ಪಡೆದರಷ್ಟೇ ಸಾಲದು, ಮೂರನೇ ಎರಡರಷ್ಟು ರಾಜ್ಯಗಳಲ್ಲಿ ಕನಿಷ್ಠ ನಾಲ್ಕನೇ ಒಂದರಷ್ಟು ಮತ ಬರಬೇಕು. ತನ್ನ ಜನಾಂಗದ ಮತಗಳಿಂದಷ್ಟೇ ಯಾರೂ ಅಧ್ಯಕ್ಷರಾಗಲಾರರು. ನಿಮ್ಮ ಕಲ್ಪಿತ ದೇಶದ ಜನಸಂಖ್ಯೆಯನ್ನು ಹಲಗೆಯ ಮೇಲೆ ಬರೆದು ಮೂರೂ ಪದ್ಧತಿಗಳಲ್ಲಿ ಒಂದೊಂದು ಸಲ ಮತ ಎಣಿಸಿ ನೋಡಿ. ಒಂದು ಗಂಟೆಯ ಈ ಲೆಕ್ಕ ಹತ್ತು ಉಪನ್ಯಾಸಗಳಿಗೆ ಸಮ.

ಐದನೆಯ ಹೆಜ್ಜೆ: ಕೇಂದ್ರ, ರಾಜ್ಯ, ನದಿ, ಗಡಿ

ಭಾರತದ ಮೂಲ ಸಂವಿಧಾನ ಅಧಿಕಾರಗಳನ್ನು ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ 47 ವಿಷಯಗಳಾಗಿ ಹಂಚಿತು. ಯಾವ ಪಟ್ಟಿಯಲ್ಲೂ ಇಲ್ಲದ್ದು ಕೇಂದ್ರಕ್ಕೆ. ಅಮೆರಿಕದಲ್ಲಿ ಹೀಗೆ ಉಳಿದದ್ದು ರಾಜ್ಯಗಳಿಗೆ. ಆ ದೇಶ 1781ರಲ್ಲಿ ತೀರ ದುರ್ಬಲವಾದ ಕೇಂದ್ರದಿಂದ ಆರಂಭಿಸಿ, ತೆರಿಗೆ ಹಾಕುವ ಅಧಿಕಾರವೂ ಇಲ್ಲದ ಸರ್ಕಾರದಿಂದ ಸೈನಿಕರ ಸಂಬಳವನ್ನೂ ಸಾಲದ ಕಂತನ್ನೂ ಸರಿಯಾಗಿ ಕೊಡಲಾಗದೆ, 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಮತ್ತೆ ಕುಳಿತು ಹೊಸದಾಗಿ ಬರೆಯಬೇಕಾಯಿತು. ಭಾರತ ವಿಭಜನೆಯ ರಕ್ತಪಾತದ ನಡುವೆ ಬರೆದದ್ದರಿಂದ ಬಲವಾದ ಕೇಂದ್ರವನ್ನು ಆರಿಸಿಕೊಂಡಿತು. ಎರಡೂ ಆಯ್ಕೆಗಳು ಆಯಾ ಕಾಲದ ಭಯಗಳಿಂದ ಹುಟ್ಟಿದವು. ಪಟ್ಟಿ ಬರೆಯುವ ಮೊದಲು ನಿಮ್ಮ ದೇಶದ ಭಯವೇನೆಂದು ಬರೆದುಕೊಳ್ಳಿ.

ಘಟಕಗಳ ಗಾತ್ರದ ಬಗ್ಗೆ ನೈಜೀರಿಯಾದ ಅನುಭವ ಕಲಿಸುವಂಥದು. 1960ರಲ್ಲಿ ಅದು ಮೂರು ಪ್ರಾಂತಗಳ ಒಕ್ಕೂಟವಾಗಿತ್ತು, ಉತ್ತರ ಪ್ರಾಂತವೊಂದೇ ಉಳಿದೆರಡಕ್ಕಿಂತ ದೊಡ್ಡದು. ಒಂದು ಎತ್ತು ಆನೆಯಾಗಿರುವ ಬಂಡಿ ನೆಟ್ಟಗೆ ಓಡುವುದಿಲ್ಲ. 1966ರಲ್ಲಿ ಸೇನಾದಂಗೆಗಳಾದವು, 1967ರಿಂದ 1970ರವರೆಗೆ, ಪೂರ್ವ ಭಾಗ ಪ್ರತ್ಯೇಕವಾಗಲು ಹೊರಟದ್ದರಿಂದ, ಬಿಯಾಫ್ರಾ ಯುದ್ಧ ನಡೆಯಿತು. 1967ರಲ್ಲಿ 12 ರಾಜ್ಯಗಳಾಗಿ ಒಡೆದ ದೇಶದಲ್ಲಿ ಈಗ 36 ರಾಜ್ಯಗಳಿವೆ.

ನೀರಿನ ವಿಷಯವನ್ನು ನಮ್ಮ ಭಾಗದವರು ಯಾರಿಗೂ ಕಲಿಸಬಲ್ಲರು. ಕೃಷ್ಣೆಯ ಮಟ್ಟಿಗೆ ನಾವು ಮಹಾರಾಷ್ಟ್ರಕ್ಕೆ ಕೆಳಗಿನ ಹೊಲದವರು, ತೆಲಂಗಾಣ ಮತ್ತು ಆಂಧ್ರಕ್ಕೆ ಮೇಲಿನ ಹೊಲದವರು. ಮೇಲಿನಿಂದ ನೀರು ಬಿಡಲಿಲ್ಲವೆಂಬ ದೂರು ನಮ್ಮದು. ಆಲಮಟ್ಟಿಯಲ್ಲಿ ನೀರು ತಡೆದಿರೆಂಬ ದೂರು ಕೆಳಗಿನವರದು. ಆಲಮಟ್ಟಿಯ ಹಿನ್ನೀರಿನಿಂದ ಸಾಂಗಲಿಗೆ ಪ್ರವಾಹವೆಂಬ ದೂರು ಮೇಲಿನವರದು. ಈ ಮೂವರೂ ಒಂದೇ ದೇಶದವರಾಗಿ ಉಳಿಯಬೇಕಾದರೆ ಜಗಳಕ್ಕೆ ಒಂದು ನಿಶ್ಚಿತ ಕಟ್ಟೆ ಬೇಕು. ಸಂವಿಧಾನದ 262ನೇ ವಿಧಿ ಅದಕ್ಕೆ ದಾರಿ ಮಾಡಿತು. ಅದರಡಿ 1956ರಲ್ಲಿ ಅಂತರರಾಜ್ಯ ಜಲವಿವಾದ ಕಾಯ್ದೆ ಬಂತು, ಕೃಷ್ಣೆಗಾಗಿ 1969ರಲ್ಲಿ ಒಂದು, 2004ರಲ್ಲಿ ಇನ್ನೊಂದು ನ್ಯಾಯಮಂಡಳಿ ರಚನೆಯಾಯಿತು. ಎರಡನೆಯದು 2010ರಲ್ಲಿ ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು ಸಮುದ್ರಮಟ್ಟದಿಂದ 524.256 ಮೀಟರ್‌ಗೆ ಏರಿಸಲು ಒಪ್ಪಿತು. ಆದರೂ ವ್ಯಾಜ್ಯ ಮುಗಿದಿಲ್ಲ. ನನ್ನ ದೃಷ್ಟಿಯಲ್ಲಿ ಇಲ್ಲಿ ಬಿಟ್ಟುಹೋದದ್ದು ಕಾಲಮಿತಿ: ತೀರ್ಪು ಎಷ್ಟು ವರ್ಷದೊಳಗೆ ಬರಬೇಕು, ಬಂದ ತೀರ್ಪನ್ನು ಯಾರು ಜಾರಿಮಾಡಬೇಕು ಎಂಬುದನ್ನು ನಿಮ್ಮ ಸಂವಿಧಾನ ಮೊದಲೇ ಹೇಳಿಬಿಡಲಿ.

ಗಡಿಯ ವಿಷಯದಲ್ಲಿಯೂ ಹೀಗೆಯೇ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೆಳಗಾವಿ ಜಿಲ್ಲೆ ಚಂದಗಡ ತಾಲೂಕನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ವಿಜಯಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳೂ ಬಂದವು. 3ನೇ ವಿಧಿಯ ಪ್ರಕಾರ ಸಂಸತ್ತು ಸಾಮಾನ್ಯ ಕಾನೂನಿನಿಂದಲೇ ಗಡಿಗಳನ್ನು ಬದಲಿಸಬಲ್ಲದು. ಸಂವಿಧಾನ ತಿದ್ದುಪಡಿಯ ದೊಡ್ಡ ಬಹುಮತ ಬೇಕಾಗಿದ್ದರೆ ಕನ್ನಡಿಗರ ಏಕೀಕರಣ ಅಷ್ಟು ಬೇಗ ಆಗುತ್ತಿರಲಿಲ್ಲವೆಂದು ನನಗನ್ನಿಸುತ್ತದೆ. ಮುಂದೆ ಮಹಾರಾಷ್ಟ್ರದ ಬೇಡಿಕೆಯಿಂದ ಮಹಾಜನ್ ಆಯೋಗ ಬಂತು, 1967ರಲ್ಲಿ ವರದಿ ಕೊಟ್ಟಿತು, 2004ರಲ್ಲಿ ವಿವಾದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಬೆಳಗಾವಿ ಕರ್ನಾಟಕದ್ದೆಂಬ ನನ್ನ ನಿಲುವಿನಲ್ಲಿ ಸಂದೇಹವಿಲ್ಲ. ಆದರೆ ಈ ವಿವಾದ ಆಯೋಗ ಮತ್ತು ನ್ಯಾಯಾಲಯದ ಮೆಟ್ಟಿಲು ಏರುವಂತೆ ಮಾಡಿದ ಏರ್ಪಾಡಿಗೆ ನಾನು ಕೃತಜ್ಞ.

ಹಣಕಾಸನ್ನು ಮರೆಯಬೇಡಿ. ಅಧಿಕಾರವನ್ನು ರಾಜ್ಯಕ್ಕೂ ತೆರಿಗೆಯನ್ನು ಕೇಂದ್ರಕ್ಕೂ ಕೊಟ್ಟರೆ ಒಕ್ಕೂಟ ಹೆಸರಿಗಷ್ಟೇ ಉಳಿಯುತ್ತದೆ. 280ನೇ ವಿಧಿಯ ಹಣಕಾಸು ಆಯೋಗದಂಥ ಸಂಸ್ಥೆ ಐದು ವರ್ಷಕ್ಕೊಮ್ಮೆ ಪಾಲನ್ನು ಮರುಪರಿಶೀಲಿಸಲಿ.

ಆರನೆಯ ಹೆಜ್ಜೆ: ಭಾಷೆ

ಭಾಷೆಯ ವಿಧಿಯನ್ನು ಬಹುಮತದಿಂದ ತೀರ್ಮಾನಿಸಬೇಡಿ. ಎಲ್ಲರೂ ಸಹಿಸಬಲ್ಲ ಒಪ್ಪಂದವನ್ನು ಹುಡುಕಿ. ಸಂವಿಧಾನ ರಚನಾ ಸಭೆ 1949ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಭಾಷೆ ಎಂಬ ಪದವನ್ನೇ ಬಳಸದೆ, ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆಯೆಂದು ಕರೆದು, ಇಂಗ್ಲಿಷನ್ನು ಹದಿನೈದು ವರ್ಷ ಮುಂದುವರಿಸಿತು. ಆ ರಾಜಿ ಯಾರಿಗೂ ಪೂರ್ತಿ ತೃಪ್ತಿ ಕೊಡಲಿಲ್ಲ, ಆದರೆ ದೇಶ ಒಡೆಯಲಿಲ್ಲ. ಸಿಲೋನ್ (ಇಂದಿನ ಶ್ರೀಲಂಕಾ) 1956ರಲ್ಲಿ ಸಿಂಹಳವೊಂದನ್ನೇ ಅಧಿಕೃತ ಭಾಷೆ ಮಾಡಿತು. ತಮಿಳರ ನೋವು ಬೆಳೆಯುತ್ತ ಹೋಗಿ 1983ರಿಂದ 2009ರವರೆಗಿನ ಅಂತರ್ಯುದ್ಧಕ್ಕೆ ಅದೂ ಒಂದು ಕಾರಣವಾಯಿತು. ಪೂರ್ವ ಪಾಕಿಸ್ತಾನದಲ್ಲಿ ಬಂಗಾಳಿ ಭಾಷೆಗಾಗಿ 1952ರ ಫೆಬ್ರವರಿ 21ರಂದು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು.

ಬೆಳಗಾವಿಯಂಥ ಗಡಿ ನಗರದಲ್ಲಿರುವವರು ಈ ಪ್ರಶ್ನೆಯನ್ನು ಎರಡೂ ಕಡೆಯಿಂದ ನೋಡಬಲ್ಲರು. ಇಲ್ಲಿ ಮರಾಠಿ ಮನೆಮಾತಿನ ಮಗುವಿಗೆ ಸಲ್ಲುವ ನ್ಯಾಯವೇ ಗಡಿಯಾಚೆ ಜತ್ತ ಮತ್ತು ಅಕ್ಕಲಕೋಟೆಯ ಕನ್ನಡ ಮಗುವಿಗೂ ಸಲ್ಲಬೇಕು. ಪುನರ್ವಿಂಗಡಣೆಯ ಜೊತೆಗೇ, 1956ರ ಏಳನೇ ತಿದ್ದುಪಡಿಯಿಂದ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ನೇಮಿಸುವ 350ಬಿ ವಿಧಿಯೂ ಸೇರಿದವು. ಗಡಿ ಎಳೆದ ದಿನವೇ ಗಡಿಯ ತಪ್ಪು ಬದಿಯಲ್ಲಿ ಉಳಿದವರನ್ನು ನೆನೆದದ್ದು ದೊಡ್ಡ ಸಂಗತಿ.

ಏಳನೆಯ ಹೆಜ್ಜೆ: ಹಕ್ಕುಗಳು ಮತ್ತು ಅವುಗಳ ಕಾವಲು

ಹಕ್ಕುಗಳ ಪಟ್ಟಿ ಬರೆಯುವುದು ಸುಲಭ. ಪ್ರತಿ ಹಕ್ಕಿನ ಮುಂದೆ ಎರಡು ಪ್ರಶ್ನೆ ಬರೆಯಿರಿ: ಇದನ್ನು ಸರ್ಕಾರ ಯಾವಾಗ ಮೊಟಕುಗೊಳಿಸಬಹುದು, ಮೊಟಕುಗೊಳಿಸಿದರೆ ನಾನು ಎಲ್ಲಿಗೆ ಹೋಗಬೇಕು? ಎರಡನೆಯದಕ್ಕೆ ಭಾರತದ ಉತ್ತರ 32ನೇ ವಿಧಿ. ಸರ್ವೋಚ್ಚ ನ್ಯಾಯಾಲಯಕ್ಕೆ ನೇರವಾಗಿ ಹೋಗುವುದನ್ನೇ ಒಂದು ಮೂಲಭೂತ ಹಕ್ಕನ್ನಾಗಿ ಅದು ಮಾಡಿತು.

ಮೊದಲನೆಯದು ಎಷ್ಟು ಕಠಿಣವೆಂಬುದನ್ನು ಹಳೆಯ ಬಾಗಲಕೋಟೆಯ ಜನರನ್ನು ಕೇಳಬೇಕು. ಆಲಮಟ್ಟಿಯ ಹಿನ್ನೀರಿಗೆ ಮನೆ, ಅಂಗಡಿ, ಗುಡಿ, ಮಸೀದಿಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದವರು ಅವರು. ನೀರಾವರಿ ಬೇಕೆಂಬುದೂ ನಿಜ, ತಲೆಮಾರುಗಳ ಮನೆ ಮುಳುಗಿತೆಂಬುದೂ ನಿಜ. ಮೂಲ ಸಂವಿಧಾನ ಆಸ್ತಿಯನ್ನು ಮೂಲಭೂತ ಹಕ್ಕೆಂದು 31ನೇ ವಿಧಿಯಲ್ಲಿ ಇಟ್ಟಿತ್ತು. ಜಮೀನ್ದಾರಿ ರದ್ದತಿಗೆ ಅದು ಅಡ್ಡವಾದಾಗ 1951ರ ಮೊದಲನೇ ತಿದ್ದುಪಡಿ ಬಂತು. 1978ರ 44ನೇ ತಿದ್ದುಪಡಿ ಅದನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಯಡಿ ಕೇವಲ ಕಾನೂನುಬದ್ಧ ಹಕ್ಕನ್ನಾಗಿಸಿತು. ದೊಡ್ಡ ಹಿಡುವಳಿದಾರನ ಹಿಡಿತವನ್ನು ಸಡಿಲಿಸಲು ಮಾಡಿದ ಬದಲಾವಣೆಯ ಭಾರ ಒಮ್ಮೊಮ್ಮೆ ಎರಡೆಕರೆಯ ರೈತನ ಮೇಲೂ ಬೀಳುತ್ತದೆ. ಆದ್ದರಿಂದ ಸ್ವಾಧೀನದ ಉದ್ದೇಶ, ಪರಿಹಾರದ ಅಳತೆ ಮತ್ತು ಪುನರ್ವಸತಿ ಈ ಮೂರನ್ನೂ ವಿಧಿಯೊಳಗೇ ಬರೆಯಿರೆಂದು ನಾನು ಒತ್ತಿ ಹೇಳುತ್ತೇನೆ.

ಒಂದೊಂದು ಪದವೂ ಹೇಗೆ ಮುಖ್ಯವೆಂಬುದಕ್ಕೆ ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿ ಸಾಕ್ಷಿ. ಬಿ.ಎನ್. ರಾವ್ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರು, ನ್ಯಾಯೋಚಿತ ಕ್ರಮ ಎಂಬ ಅರ್ಥದ ಮಾತು ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆಂದು ಎಚ್ಚರಿಸಿದರು. ಕರಡಿನಲ್ಲಿ ಅದರ ಬದಲು ‘ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ’ ಎಂಬುದು ಬಂತು. ಕಾನೂನೊಂದು ಇದ್ದರೆ ಸಾಕು, ಅದು ನ್ಯಾಯವಾಗಿರಲೇಬೇಕೆಂದಿಲ್ಲ ಎಂಬ ಅರ್ಥಕ್ಕೆ ಅದು ಎಡೆಕೊಟ್ಟಿತು. ಪ್ರಕ್ರಿಯೆ ನ್ಯಾಯಯುತವಾಗಿಯೂ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ ಮನೇಕಾ ಗಾಂಧಿ ಪ್ರಕರಣದಲ್ಲಿ ಹೇಳಿದ್ದು 1978ರಲ್ಲಿ.

ಎಂಟನೆಯ ಹೆಜ್ಜೆ: ಚುನಾವಣಾ ಆಯೋಗ, ಲೆಕ್ಕ ತಪಾಸಣೆ

ಚುನಾವಣೆ ನಡೆಸುವವರನ್ನು, ಸರ್ಕಾರದ ಲೆಕ್ಕ ನೋಡುವವರನ್ನು, ನ್ಯಾಯಾಧೀಶರನ್ನು ನೇಮಿಸುವುದು ಸರ್ಕಾರವೊಂದರ ಇಷ್ಟಕ್ಕೆ ಬಿಡಬಾರದು, ತೆಗೆಯುವುದಂತೂ ಇನ್ನೂ ಕಷ್ಟವಾಗಿರಬೇಕು. ನೇಮಕ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕರಿಗೆ ಕುರ್ಚಿ ಇಡಿ. ಮತದಾರರ ಪಟ್ಟಿಯ ಬಗ್ಗೆ ಒಂದು ಮಾತು: 1951-52ರ ಮೊದಲ ಮಹಾಚುನಾವಣೆಗೆ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ನೇತೃತ್ವದಲ್ಲಿ ಸುಮಾರು 17.3 ಕೋಟಿ ಮತದಾರರ ಪಟ್ಟಿ ಸಿದ್ಧವಾಯಿತು. ಆದರೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿ ತಮ್ಮ ಹೆಸರು ಹೇಳದ ಸುಮಾರು 28 ಲಕ್ಷ ಮಹಿಳೆಯರು, ಹೆಚ್ಚಾಗಿ ಉತ್ತರದ ರಾಜ್ಯಗಳವರು, ಪಟ್ಟಿಯಿಂದ ಹೊರಗುಳಿದರು. ಮುಂದಿನ ಚುನಾವಣೆಗೆ ಅವರಿಗೆ ತಮ್ಮ ಹೆಸರಿನಿಂದಲೇ ನೋಂದಾಯಿಸಿಕೊಳ್ಳುವಂತೆ ಹೇಳಲಾಯಿತು. ವಯಸ್ಕ ಮತಾಧಿಕಾರ ಎಂದು ಬರೆದ ಕೂಡಲೇ ಅದು ಮನೆಬಾಗಿಲಿಗೆ ಮುಟ್ಟುವುದಿಲ್ಲ.

ಒಂಬತ್ತನೆಯ ಹೆಜ್ಜೆ: ತುರ್ತುಸ್ಥಿತಿ ಮತ್ತು ತಿದ್ದುಪಡಿ

ತುರ್ತು ಅಧಿಕಾರದ ವಿಧಿಯಲ್ಲಿ ಕಾರಣ, ಅವಧಿ, ಸದನದ ಒಪ್ಪಿಗೆ ಮೂರೂ ಬಿಗಿಯಾಗಿರಬೇಕು. 1975ರ ಜೂನ್‌ನಲ್ಲಿ ತುರ್ತುಸ್ಥಿತಿ ಘೋಷಿಸಲು ಬಳಸಿದ ಕಾರಣ ‘ಆಂತರಿಕ ಕ್ಷೋಭೆ’ ಎಂಬ ಸಡಿಲವಾದ ಮಾತು. 44ನೇ ತಿದ್ದುಪಡಿ ಅದನ್ನು ‘ಸಶಸ್ತ್ರ ದಂಗೆ’ ಎಂದು ಬದಲಿಸಿ, ಮಂತ್ರಿಮಂಡಲದ ಲಿಖಿತ ಸಲಹೆಯನ್ನು ಕಡ್ಡಾಯಗೊಳಿಸಿತು. ತಿದ್ದುಪಡಿಯ ದಾರಿ ತೀರ ಅಗಲವಾದರೆ ಗೆದ್ದವರು ಕೊನೆಯಂಚಿನ ಹೊಲವನ್ನೇ ಅಳಿಸಿಬಿಡಬಹುದು; ತೀರ ಕಿರಿದಾದರೆ ತಪ್ಪನ್ನು ತಿದ್ದಲಾಗದೆ ಜನ ಸಂವಿಧಾನವನ್ನೇ ಬದಿಗೊತ್ತುತ್ತಾರೆ. ಭಾರತದ 368ನೇ ವಿಧಿ ನಡುದಾರಿಯದು, 2023ರ ಹೊತ್ತಿಗೆ 106 ತಿದ್ದುಪಡಿಗಳಾಗಿವೆ. ಮೂಲಸ್ವರೂಪವನ್ನು ಮುಟ್ಟುವಂತಿಲ್ಲವೆಂದು 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ ಕೇವಲ ಒಂದು ಮತದ ಅಂತರದಿಂದ ಹೇಳಿತು. ಇಷ್ಟು ದೊಡ್ಡ ತೀರ್ಮಾನ ಅಷ್ಟು ಸಣ್ಣ ಅಂತರದ ಮೇಲೆ ನಿಲ್ಲಬಾರದು. ಯಾವುದನ್ನು ತಿದ್ದುವಂತಿಲ್ಲವೆಂಬುದನ್ನು ನಿಮ್ಮ ಸಭೆಯೇ ಸ್ಪಷ್ಟವಾಗಿ ಬರೆದಿಡಲಿ.

ಕೊನೆಯ ಹೆಜ್ಜೆ: ಚೀಟಿ ಬದಲಿಸಿ ಓದಿ

ಕರಡು ಸಿದ್ಧವಾದ ಮೇಲೆ ಪೀಠಿಕೆಯನ್ನು ಬರೆಯಿರಿ. ಏನನ್ನು ಕಟ್ಟಿದ್ದೇವೆಂದು ಆಗಷ್ಟೇ ಗೊತ್ತಾಗಿರುತ್ತದೆ. ದೇಶದ ಮೂರೂ ಭಾಷೆಗಳಿಗೆ ಅದನ್ನು ಅನುವಾದಿಸುವ ಹೊಣೆಯನ್ನು ಮೂವರಿಗೆ ಒಪ್ಪಿಸಿ. ಬಳಿಕ ಎಲ್ಲ ಚೀಟಿಗಳನ್ನು ಡಬ್ಬಿಗೆ ಹಾಕಿ, ಕಲಸಿ, ಮತ್ತೆ ಒಂದೊಂದನ್ನು ಎತ್ತಿಸಿ. ಬಹುಸಂಖ್ಯಾತ ವಕೀಲನಾಗಿದ್ದವನು ಈಗ ಗಣಿಯ ಕೂಲಿಯಾಗಿರಬಹುದು, ದಂಡನಾಯಕನಾಗಿದ್ದವನು ಅಲ್ಪಸಂಖ್ಯಾತ ಶಿಕ್ಷಕಿಯಾಗಿರಬಹುದು. ಒಬ್ಬರು ಎದ್ದುನಿಂತು ಒಂದೊಂದೇ ವಿಧಿಯನ್ನು ಗಟ್ಟಿಯಾಗಿ ಓದಲಿ. ಹೊಸ ಚೀಟಿಯ ಸ್ಥಾನದಿಂದ ಒಪ್ಪಲಾಗದ ವಿಧಿ ಬಂದಾಗ ಕೈ ಎತ್ತಿ, ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಕಾರ್ಯದರ್ಶಿ ಆ ವಿಧಿಯ ಪಕ್ಕದಲ್ಲಿ ಎಷ್ಟು ಕೈಗಳು ಎದ್ದವೆಂದು ಬರೆದುಕೊಳ್ಳಲಿ. ಅತಿ ಹೆಚ್ಚು ಕೈಗಳು ಎದ್ದ ವಿಧಿಯೇ ಮುಂದಿನ ಸಭೆಯ ಮೊದಲ ವಿಷಯ.